ಕಂಬದಿಂದ ಕೇರಿಗೆ ಎಷ್ಟು ಮೀಟರ್?

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

"ಮನೆಗೆ ಫೈಬರ್ ಹಾಕ್ಸೋಣ ಅಂತಿದೀವಿ, ಯಾವುದು ಅಗ್ಗ ಅಣ್ಣಾ?" ಅಂತ ನಮ್ಮ ಕಟ್ಟಾಯ ಕಡೆ ಹುಡುಗರು ಕೇಳ್ತಾನೇ ಇರ್ತಾರೆ. ಕಂಪನಿ ಹೆಸರಿಗಿಂತ ಮೊದಲು, ಆ ಕೇಬಲ್ ಎಲ್ಲಿವರೆಗೆ ಬಂದು ನಿಂತಿದೆ, ಯಾಕೆ ಅಲ್ಲೇ ನಿಂತಿದೆ ಅಂತ ನೋಡ್ಬೇಕು. ಅದಕ್ಕೊಂದು ಹಳೇ ಕಥೆ ಇದೆ.

ಕರೆಂಟಿನಿಂದಲೇ ಶುರು ಮಾಡೋಣ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಕೇರಿಯ ಗುಡಿಸಲಿಗೆ ಅಂತ ಸರ್ಕಾರ ಭಾಗ್ಯಜ್ಯೋತಿ ತಂದಿದ್ದು 70ರ ದಶಕದ ಕೊನೆಗೆ. ಮನೆಗೊಂದು ಬಲ್ಬು. ಮುಂದೆ ಅದಕ್ಕೆ ತಿಂಗಳಿಗೆ 18 ಯೂನಿಟ್ ಮಿತಿ ಬಂತು, ದಾಟಿದರೆ ಸಾಮಾನ್ಯ ಮನೆಯ ದರದಲ್ಲಿ ಬಿಲ್. ಈ 'ಮಿತಿ' ಅನ್ನೋ ಪದ ನೆನಪಿಟ್ಟುಕೊಳ್ಳಿ.

ಫೋನಿನದೂ ಹಾಗೇ. 1994ರ ರಾಷ್ಟ್ರೀಯ ಟೆಲಿಕಾಂ ನೀತಿ 1997ರೊಳಗೆ ಎಲ್ಲಾ ಹಳ್ಳಿಗೂ ಫೋನು ಅಂದಿತು. ಆಗಲಿಲ್ಲ. 1999ರ ನೀತಿ 2002 ಅಂತ ಗಡುವು ಮುಂದೂಡಿತು. ಅದೇ 2002ರಲ್ಲಿ ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಷನ್ ಫಂಡ್ ಅನ್ನೋ ನಿಧಿ ಜಾರಿಗೆ ಬಂತು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನ ಹಳ್ಳಿ ಸಂಪರ್ಕಕ್ಕೆ ಕಟ್ಟಬೇಕು. ಕಂಪನಿ ಎಲ್ಲಿಂದ ಕಟ್ಟುತ್ತೆ? ನಮ್ಮ ರೀಚಾರ್ಜಿನಿಂದ. ಕೂಲಿ ಮಾಡೋ ನಮ್ಮಕ್ಕ ಹಾಕಿಸೋ ಸಣ್ಣ ರೀಚಾರ್ಜಿನಲ್ಲೂ ಆ ಪಾಲು ಇದೆ. ಆ ನಿಧಿಯಿಂದಲೇ 2011ರ ಅಕ್ಟೋಬರ್‌ನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಎರಡು ವರ್ಷದಲ್ಲಿ ಮುಗಿಸ್ತೀವಿ ಅಂದ್ರು. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೊಸ ಹೆಸರು ಬಂತು. 2023ರ ಆಗಸ್ಟ್‌ನಲ್ಲಿ ಮತ್ತೆ 1,39,579 ಕೋಟಿ ರೂಪಾಯಿ ಮಂಜೂರಾಯ್ತು, ಈ ಸಲ ಐದು ವರ್ಷದಲ್ಲಿ ಹಳ್ಳಿಗಳ 1.5 ಕೋಟಿ ಮನೆಗೆ ಫೈಬರ್ ಅನ್ನೋ ಗುರಿ ಇಟ್ಟುಕೊಂಡು.

ಗಮನಿಸಿ, ಮೊದಲ ಯೋಜನೆಯಲ್ಲಿ ಕೇಬಲ್ಲಿನ ಕೊನೆ ಅಂದ್ರೆ ಪಂಚಾಯ್ತಿ ಕಟ್ಟಡ. ಅಲ್ಲಿಂದ ಮನೆಗೆ ಬರೋದು ಮನೆಯವರ ಖರ್ಚು. ಪಂಚಾಯ್ತಿ ಸಾಮಾನ್ಯವಾಗಿ ಊರೊಳಗಿರುತ್ತೆ. ಕೇರಿ ಎಲ್ಲಿರುತ್ತೆ, ಯಾಕೆ ಅಲ್ಲಿರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?

ಬ್ರಾಡ್‌ಬ್ಯಾಂಡ್ ಬಿಲ್ಲಿನ ಕಥೆ ಇನ್ನೊಂದು. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಶುರು ಮಾಡಿದಾಗ ವೇಗ 256 ಕೆಬಿ. ಡೇಟಾ ಮಿತಿ ದಾಟಿದರೆ ಎಂಬಿ ಲೆಕ್ಕದಲ್ಲಿ ದುಡ್ಡು. 500 ರೂಪಾಯಿ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕ ಇಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರು ಅಲಾರಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಮಾಡ್ತಿದ್ರು. ಬಾಬಾಸಾಹೇಬರ ಬರಹ-ಭಾಷಣಗಳ ಪಿಡಿಎಫ್ ನನಗೆ ಮೊದಲು ಸಿಕ್ಕಿದ್ದು ಆ ಪುಣ್ಯಾತ್ಮರ ನಿದ್ದೆಗೆಟ್ಟ ರಾತ್ರಿಗಳಿಂದ.

ಅಗ್ಗದ ಕಾಲ ಬಂದಿದ್ದು 2020ರಲ್ಲಿ. ಜಿಯೋ 399ಕ್ಕೆ, ಬಿಎಸ್‌ಎನ್‌ಎಲ್ 449ಕ್ಕೆ 30 ಎಂಬಿ ವೇಗದ ಪ್ಲಾನ್ ಬಿಟ್ಟವು. ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿಸಿ ನೋಡಿ: 399 ಅನ್ನೋದು 470 ರೂಪಾಯಿ 82 ಪೈಸೆ. ವರ್ಷಕ್ಕೆ 862 ರೂಪಾಯಿ ಹೆಚ್ಚು. 'ಅನ್‌ಲಿಮಿಟೆಡ್' ಅಂದಿದ್ದಕ್ಕೂ 3,300 ಜಿಬಿ ಮಿತಿ ಇತ್ತು. ಮನೆ ಬಳಕೆಗೆ ಅದು ಧಾರಾಳ, ಆದರೆ ಸಣ್ಣ ಪ್ಲಾನುಗಳಲ್ಲಿ ಮಿತಿಯೂ ಸಣ್ಣದು, ದಾಟಿದ ಮೇಲೆ ವೇಗ ಕುಸಿಯುತ್ತೆ.

ಅದೇ ವರ್ಷ ಶಾಲೆ ಮುಚ್ಚಿದವು. ನಮ್ಮ ರಾಜ್ಯದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನ ಇಂಟರ್ನೆಟ್ ಇರೋ ಫೋನಿನವರು, ಬರೀ ಫೋನಿನವರು, ಏನೂ ಇಲ್ಲದವರು ಅಂತ ಮೂರು ಗುಂಪು ಮಾಡಿತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಹಳ್ಳಿ ಮನೆಗಳಲ್ಲಿ ಇಂಟರ್ನೆಟ್ ಇದ್ದಿದ್ದು ಶೇ 15ರಷ್ಟಕ್ಕೆ. ಮೂರನೇ ಗುಂಪಲ್ಲಿ ಯಾರ ಮಕ್ಕಳಿದ್ದರು ಅಂತ ನಮಗೆ ಗೊತ್ತು. ವಿದ್ಯಾರ್ಥಿವೇತನದ ಅರ್ಜಿಯೂ ಈಗ ಆನ್‌ಲೈನು. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಯನ್ನೂ ಆ್ಯಪಿಗೆ ಹಾಕಿದರು. ಇಂಟರ್ನೆಟ್ ಶೋಕಿ ಅನ್ನೋರಿಗೆ ಇಷ್ಟು ಸಾಕು.

ಈಗ ಲೆಕ್ಕಕ್ಕೆ ಬರ್ತೀನಿ. ನಾನು ಗುಮಾಸ್ತ, ರಸೀದಿ ನೋಡೋದೇ ನನ್ನ ಹೊಟ್ಟೆಪಾಡು. ನಮ್ಮ ಕಡೆಯ ಕಾಲೋನಿಯ ಒಂದು ಕೂಲಿ ಕುಟುಂಬಕ್ಕೆ 'ತಿಂಗಳಿಗೆ 400' ಅಂತ ಹೇಳಿ ಫೈಬರ್ ಹಾಕಿದ್ರು. ಆರು ತಿಂಗಳು ಮುಂಗಡ ಕಟ್ಟಬೇಕು: 2,400, ಜಿಎಸ್‌ಟಿ 432. ಅಳವಡಿಕೆ ಶುಲ್ಕ 1,000. ರೂಟರ್‌ಗೆ ಡಿಪಾಸಿಟ್ 1,500. ಕೊನೆಗೆ, "ನಿಮ್ಮ ಮನೆ ದೂರ" ಅಂತ 60 ಮೀಟರ್ ಹೆಚ್ಚುವರಿ ಕೇಬಲ್ಲಿಗೆ ಮೀಟರ್‌ಗೆ 10ರಂತೆ 600. ಒಟ್ಟು 5,932. ರಸೀದಿ ಕೊಟ್ಟಿದ್ದು ಪ್ಲಾನಿನ ದುಡ್ಡಿಗೆ ಮಾತ್ರ. 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದ್ರೆ 16 ದಿನದ ದುಡಿಮೆ.

ಆ 600 ರೂಪಾಯಿ ನನ್ನ ತಲೆಯಿಂದ ಹೋಗ್ತಿಲ್ಲ. ಮನೆ ದೂರ ಇರೋದು ಆ ಕುಟುಂಬದ ಇಷ್ಟದಿಂದ ಅಲ್ಲ. ತಾತ-ಮುತ್ತಾತರನ್ನ ಊರಾಚೆ ಇಟ್ಟವರು ಇಟ್ಟ ದೂರಕ್ಕೆ ಮೊಮ್ಮಕ್ಕಳು ಮೀಟರ್ ಲೆಕ್ಕದಲ್ಲಿ ಬಿಲ್ ಕಟ್ತಿದ್ದಾರೆ.

ಇದು ತಾಂತ್ರಿಕ ಅನಿವಾರ್ಯವೂ ಅಲ್ಲ. ಒಂದು ಫೈಬರ್ ಎಳೆಯನ್ನ ಸ್ಪ್ಲಿಟರ್ ಅನ್ನೋ ಸಣ್ಣ ಡಬ್ಬಿಯಲ್ಲಿ 32 ಅಥವಾ 64 ಮನೆಗೆ ಹಂಚಬಹುದು. ಅದಕ್ಕೆ ಕರೆಂಟೂ ಬೇಡ. ಬೆಳಕು ಅದೇ ಎಳೆಯಲ್ಲಿ 20 ಕಿಲೋಮೀಟರ್‌ವರೆಗೆ ಹೋಗುತ್ತೆ. ಡಬ್ಬಿಯನ್ನ ಊರ ವೃತ್ತದ ಕಂಬದಲ್ಲಿ ಇಡೋದೋ, ಕೇರಿ ಬಾಗಿಲಿನ ಕಂಬದಲ್ಲಿ ಇಡೋದೋ ಅಂತ ಒಬ್ಬರು ಕೂತು ನಿರ್ಧಾರ ಮಾಡ್ತಾರೆ. ಗಿರಾಕಿ ಎಷ್ಟು ಸಿಗ್ತಾರೆ ಅಂತ ನೋಡಿ ಇಡ್ತಾರೆ. ಹಾಗಾಗಿ ಒಬ್ಬೊಬ್ಬರೇ ಹೋಗ್ಬೇಡಿ. ಹತ್ತು ಹದಿನೈದು ಮನೆ ಸೇರಿ ಒಂದೇ ಅರ್ಜಿ ಕೊಡಿ, ಡಬ್ಬಿ ಕೇರಿಗೇ ಬರಲಿ ಅಂತ ಕೇಳಿ. ಮುಂಗಡ, ಡಿಪಾಸಿಟ್ ವಾಪಸ್ಸು, ಆರು ತಿಂಗಳ ನಂತರದ ದರ, ಎಲ್ಲಾ ಬರವಣಿಗೆಯಲ್ಲಿ ಇಸ್ಕೊಳ್ಳಿ. ಬಾಯಿಮಾತಿನ ದರಕ್ಕೆ ಸಾಕ್ಷಿ ಇರಲ್ಲ.

ಬೇರೆ ದಾರಿ ಇಲ್ಲವೇ? ಪಕ್ಕದ ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಶುರು ಮಾಡಿತು. 20 ಲಕ್ಷ ಬಡ ಮನೆಗಳಿಗೆ ಉಚಿತ ಸಂಪರ್ಕ ಅನ್ನೋದು ಗುರಿ, ಮೊದಲ ಹಂತಕ್ಕೆ ಇಟ್ಟುಕೊಂಡಿದ್ದು 14,000 ಮನೆಯ ಲೆಕ್ಕ. ನಿಧಾನ, ನಿಜ. ಆದರೆ ಇಂಟರ್ನೆಟ್ ಹಕ್ಕು ಅಂತ ಅಲ್ಲಿನ ಹೈಕೋರ್ಟು ಫಹೀಮಾ ಶಿರಿನ್ ಪ್ರಕರಣದಲ್ಲಿ 2019ರಲ್ಲೇ ಹೇಳಿತ್ತು. ಕಾಗದದ ಹಕ್ಕು ನಮಗೆ ಹೊಸದಲ್ಲ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ಮುಕ್ತ ಅಂತ ಬಾಂಬೆ ಶಾಸನ ಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡ್‌ನ ಚವದಾರ್ ಕೆರೆ ನೀರನ್ನ ಬಾಬಾಸಾಹೇಬರು ಮುಟ್ಟಿ ಕುಡಿದಿದ್ದು 1927ರ ಮಾರ್ಚ್ 20ಕ್ಕೆ.

ಮೋಸ ಆಗಿದ್ರೆ ಮೊದಲು ಕಂಪನಿಗೆ ದೂರು ಕೊಟ್ಟು ನಂಬರ್ ಬರೆದಿಟ್ಕೊಳ್ಳಿ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಅದಕ್ಕೆ ಶುಲ್ಕ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ದೂರು ಅಲ್ಲಿ ನಡೆಯುತ್ತೆ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ.

ಇನ್ನು ಭಾರತ್‌ನೆಟ್. ಬಿಎಸ್‌ಎನ್‌ಎಲ್ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತೆ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಈ ಯೋಜನೆಯಿಂದ ಎಷ್ಟು ಮನೆಗೆ ಸಂಪರ್ಕ ಆಗಿದೆ, ಅದರಲ್ಲಿ ಪರಿಶಿಷ್ಟರ ಕಾಲೋನಿಯವು ಎಷ್ಟು, ಸ್ಪ್ಲಿಟರ್ ಡಬ್ಬಿ ಯಾವ ಯಾವ ಕಂಬದಲ್ಲಿವೆ, ಈ ಮೂರನ್ನೇ ಕೇಳಿ. ನಮ್ಮ ಅರ್ಜಿ ಸಿದ್ಧ ಇದೆ, ಸೋಮವಾರ ಅಂಚೆಗೆ ಹಾಕ್ತೀವಿ.