ಬಸುರಿಯ ಕಾಲಿನ ನೀರು, ಉಡುಪಿಯ ನೂರು ವರ್ಷ

ಬೆಳಿಗ್ಗೆ ಸಡಿಲವಿದ್ದ ಕಾಲುಂಗುರ ಸಂಜೆಗೆ ಬೆರಳನ್ನು ಕಚ್ಚುತ್ತದೆ. ಹರಡಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಬೇಗ ಮುಚ್ಚುವುದಿಲ್ಲ. ಬಸುರಿಯ ಕಾಲಿಗೆ ನೀರು ಬಂದಿದೆ ಎನ್ನಲು ಉಡುಪಿ, ಕಾಪು, ಕಾರ್ಕಳದ ಮನೆಗಳಲ್ಲಿ ಇಷ್ಟು ಸಾಕಾಗಿತ್ತು. ಜೀರಿಗೆ ಕಷಾಯವೋ ಬಾರ್ಲಿ ನೀರೋ ಕುಡಿಸಿ ಕಾಲು ಚಾಚಿ ಕೂರಿಸುವುದು ರೂಢಿ. ಈ ಸೀಮೆಗೆ ಆಸ್ಪತ್ರೆ ಬಂದ ಮೇಲೆ ನೀರಿಳಿಸುವ ಒಳ್ಳೆಯ ಮದ್ದು ಸಿಕ್ಕಿತು ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ನೀರಿಳಿಸುವ ವಿಷಯದಲ್ಲಿ ಆಧುನಿಕ ವೈದ್ಯಕೀಯ ಅಜ್ಜಿಯರನ್ನು ಮೀರಿಸಲಿಲ್ಲ, ಕೆಲಕಾಲ ಅವರಿಗಿಂತ ಹಿಂದೆಯೇ ಇತ್ತು. ಅದು ತಂದುಕೊಟ್ಟದ್ದು ಮದ್ದನ್ನಲ್ಲ, ಅಳತೆಯನ್ನು.

ಅಜ್ಜಿಯರ ಉಪಚಾರಕ್ಕೆ ಬುಡವಿಲ್ಲದೆ ಇರಲಿಲ್ಲ. ಬಸುರಿಯ ಮೈಯಲ್ಲಿ ಆರರಿಂದ ಎಂಟು ಲೀಟರಿನಷ್ಟು ನೀರು ಹೆಚ್ಚುತ್ತದೆ. ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ಕಾಲಿನ ರಕ್ತ ಮೇಲೇರಲು ತಡವಾಗುತ್ತದೆ. ಸೆಕೆಗಾಲದ ಕರಾವಳಿಯಲ್ಲಿ ಬಾವು ಇನ್ನಷ್ಟು ಎದ್ದು ಕಾಣುತ್ತದೆ. ಸುಶ್ರುತ ಸಂಹಿತೆ ಆರನೆಯ ತಿಂಗಳಿಗೆ ನೆಗ್ಗಿಲು ಮುಳ್ಳು ಹಾಕಿ ಕಾಯಿಸಿದ ತುಪ್ಪವನ್ನೋ ಗಂಜಿಯನ್ನೋ ಹೇಳುತ್ತದೆ. ನೆಗ್ಗಿಲು ಮೂತ್ರ ಹೆಚ್ಚಿಸುವ ಗಿಡವೆಂದೇ ಹೆಸರಾದದ್ದು. ಆದರೆ ಕಷಾಯಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಶಾಸ್ತ್ರ ಎಂಬುದು ನನ್ನ ಅಂದಾಜು. ತುಳುವರು ಬಯಕೆ ಎನ್ನುವ ಸೀಮಂತ ಮುಗಿದ ಮೇಲೆ ಹುಡುಗಿ ತವರಿಗೆ ಹೋಗುತ್ತಾಳೆ. ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಂತೂ ಆ ಮನೆ ಅವಳದೇ ಹಕ್ಕಿನದಾಗಿತ್ತು. ನೀರು ಸೇದುವುದು, ಒಲೆಯ ಮುಂದೆ ನಿಲ್ಲುವುದು ಅಲ್ಲಿ ಕಡಿಮೆ. ಮಗ್ಗುಲಾಗಿ ಮಲಗಿದರೆ ಯಾರೂ ಆಡಿಕೊಳ್ಳುವುದಿಲ್ಲ. ಎಡಮಗ್ಗುಲಾಗಿ ಮಲಗಿ, ಕಾಲನ್ನು ದಿಂಬಿನ ಮೇಲಿಡಿ ಎಂದು ಇಂದಿನ ವೈದ್ಯರು ಹೇಳುವುದು ಬಹುತೇಕ ಇದನ್ನೇ.

ಈ ವಿಶ್ರಾಂತಿ ಯಾರಿಗೆ ಸಿಕ್ಕಿತು ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಕಾರ್ಕಳದ ಕಡೆ ಮಳೆಗಾಲ ಹಿಡಿದೊಡನೆ ಕೆಸರಿನಲ್ಲಿ ಬಗ್ಗಿ ನೇಜಿ ನೆಟ್ಟವರು, ಕಾಪುವಿನ ಕಡಲ ಬದಿಯಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು, ಮಡಿಲ ಮೇಲೆ ತಡ್ಪೆ ಎಂಬ ಮೊರವಿಟ್ಟು ಎಲೆಯೊಳಗೆ ಹೊಗೆಸೊಪ್ಪು ತುಂಬಿ ನೂಲು ಸುತ್ತುತ್ತ ದಿನವಿಡೀ ಬೀಡಿ ಕಟ್ಟಿದವರು, ಇವರೆಲ್ಲ ಬಯಕೆಯ ಸೀರೆ ಉಟ್ಟ ಮಾತ್ರಕ್ಕೆ ಕೂಲಿ ಬಿಡುವಂತಿರಲಿಲ್ಲ. ಹೆರಿಗೆ ಸೌಲಭ್ಯದ ಕಾಯ್ದೆ ಬಂದದ್ದು 1961ರಲ್ಲಿ, ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲಿ. ಹಾಗಾಗಿ ಹಳೆಯ ಪದ್ಧತಿಯನ್ನು ಹೊಗಳುವಾಗ ಅದು ಉಳ್ಳವರ ಮನೆಯಲ್ಲಿ ಹೆಚ್ಚು ಫಲಿಸಿತು ಎನ್ನುವುದನ್ನು ಬಿಟ್ಟುಬಿಡಬಾರದು. ಆದರೂ ಉಪಚಾರ ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ಸಿಗಬೇಕಾದವರಿಗೆ ಸಿಗಲಿಲ್ಲ, ಅಷ್ಟೆ.

ಈಗ ಆಸ್ಪತ್ರೆಯ ಕಡೆಗೆ ಬರೋಣ. ಬಾಸೆಲ್ ಮಿಷನ್ ಕಳಿಸಿದ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಊರವರಿಗೆ ಅದು ಇಂದಿಗೂ ಮಿಷನ್ ಆಸ್ಪತ್ರೆಯೇ. ಅಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಎರಡು ಸಂಗತಿ ನಡೆದಾಗಿತ್ತು. ಸೆಳವು ಬಂದ ಬಸುರಿಯರ ಮೂತ್ರದಲ್ಲಿ ಪ್ರೊಟೀನ್ ಇರುವುದನ್ನು ಲಂಡನ್ನಿನ ಜಾನ್ ಲೆವರ್ 1843ರಲ್ಲಿ ಕಂಡಿದ್ದರು. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನ ಮಾಡಿದ್ದರು. ಬೀಗಿದ ಕಾಲುಗಳಲ್ಲಿ ಯಾವುದು ಬರೀ ಬಸುರಿನದು, ಯಾವುದು ರಕ್ತದೊತ್ತಡ ಏರುವ ಗರ್ಭನಂಜಿನದು ಎಂದು ಬೇರ್ಪಡಿಸಿದ್ದು ಈ ಎರಡು ಪರೀಕ್ಷೆಗಳು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಇದನ್ನು ಕಲಿತವರು ಊರಲ್ಲೇ ತಯಾರಾಗತೊಡಗಿದರು. ಆದರೆ ಅದೇ ದಶಕದ ಕೊನೆಗೆ ಪಾಶ್ಚಾತ್ಯ ವೈದ್ಯರು ಬಾವು ಕಂಡ ಬಸುರಿಯರಿಗೆ ಉಪ್ಪು ಬಿಡಿಸಿ, ಆಗಷ್ಟೇ ಬಂದಿದ್ದ ಥಯಾಜೈಡ್ ಮಾತ್ರೆ ಕೊಟ್ಟು ನೀರು ಹೊರಡಿಸಲು ಹೊರಟರು. ನಂಜು ಅದರಿಂದ ತಪ್ಪಲಿಲ್ಲ, ಮುಂದೆ ಆ ರೂಢಿಯನ್ನೇ ಕೈಬಿಟ್ಟರು. ಜೀರಿಗೆ ಕಷಾಯದಿಂದ ಇಂಥ ಆತುರದ ಕೆಲಸ ಆಗಿರಲಿಲ್ಲ.

ಮುಖ ಊದಿದರೆ ಅಪಾಯ ಎಂದು ಹಿರಿಯರಿಗೂ ಗೊತ್ತಿತ್ತಲ್ಲ, ಅಳತೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಕಣ್ಣಿಗೆ ಕಾಣುವಷ್ಟು ಅವರು ಕಂಡಿದ್ದರು ಎಂದು ಒಪ್ಪೋಣ. ಆದರೆ ಒತ್ತಡ ಏರಿದ ಎಷ್ಟೋ ಬಸುರಿಯರ ಕಾಲು ಬೀಗುವುದೇ ಇಲ್ಲ. ಬೀಗಿದ ಬಹುಪಾಲು ಕಾಲುಗಳ ಹಿಂದೆ ಒತ್ತಡವೂ ಇಲ್ಲ. ಈ ಕಾರಣಕ್ಕೇ 2000ದ ಹೊತ್ತಿಗೆ ವೈದ್ಯರು ಗರ್ಭನಂಜಿನ ಲಕ್ಷಣಗಳ ಪಟ್ಟಿಯಿಂದ ಬಾವನ್ನು ತೆಗೆದುಹಾಕಿದರು. ನಮ್ಮ ಕರಾವಳಿಗೆ ಇನ್ನೊಂದು ತೊಡಕೂ ಇತ್ತು. ಇದು ಫೈಲೇರಿಯಾ ಎಂಬ ಆನೆಕಾಲು ರೋಗದ ಸೀಮೆಯಾಗಿತ್ತು. ದೇಶದಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೇ 1955ರಲ್ಲಿ. ಸೊಳ್ಳೆಯಿಂದ ಬಂದ ಬಾವೋ ಬಸುರಿನ ಬಾವೋ ಎಂಬುದನ್ನು ಹೆಬ್ಬೆರಳ ಗುಳಿಯೊಂದೇ ಹೇಳಲಾರದು.

ಕಾಲು ಚಾಚಿ ಕೂತು, ಎಡಮಗ್ಗುಲಾಗಿ ಮಲಗಿ, ಬಾರ್ಲಿ ನೀರು ಕುಡಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಮುಖವೋ ಕೈಯೋ ಇದ್ದಕ್ಕಿದ್ದಂತೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಒಂದೇ ಕಾಲು ಬೀಗಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಏನೂ ಇಲ್ಲದಿದ್ದರೂ ಒತ್ತಡ ನೋಡಿಸುವುದನ್ನು ತಪ್ಪಿಸಬಾರದು. 140/90 ಮುಟ್ಟಿದರೆ ಅದು ಕಷಾಯದ ಕೆಲಸವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಈ ತಪಾಸಣೆ ಉಚಿತ.