ಊದಬಾರದು ಎಂದಿದ್ದ ಕೊಂಬು

ಡೋಲು ಬಡಿಯಬಾರದು, ಕೊಂಬು ಊದಬಾರದು ಅಂತ ಒಂದು ಕಾನೂನಿತ್ತು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಬಿಳಿಯ ಧಣಿಗಳು 1740ರಲ್ಲಿ ಮಾಡಿಕೊಂಡದ್ದು. ಅದರ ಹಿಂದಿನ ವರ್ಷ ಸ್ಟೋನೊ ಹೊಳೆಯ ಬಳಿ ಗುಲಾಮರು ಡೋಲು ಬಡಿಯುತ್ತ ದಂಗೆ ಎದ್ದಿದ್ದರು. ದಂಗೆಯನ್ನು ತುಳಿದು ಹಾಕಿದ ಮೇಲೂ ಧಣಿಗಳ ಭಯ ಹೋಗಲಿಲ್ಲ. ಜನರನ್ನು ಕೂಡಿಸುವ ಸದ್ದೇ ಇರಬಾರದು ಅಂದರು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ ನೂರು ಪೌಂಡ್ ದಂಡ ಅಂತಲೂ ಅದೇ ಕಾನೂನು ಹೇಳಿತು. ಅಕ್ಷರಕ್ಕೂ ಸದ್ದಿಗೂ ಒಂದೇ ಬೇಲಿ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರಿಯಿರಿ ಎಂದು ಧರ್ಮಸೂತ್ರ ಬರೆದುಕೊಂಡ ನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಬೇಲಿಯನ್ನು ನೆನಪಿಟ್ಟುಕೊಂಡು ಜಾಜ್ ಸ್ಯಾಕ್ಸೊಫೋನ್ ಕೇಳಬೇಕು. ನಾನೇನೂ ಸಂಗೀತ ಬಲ್ಲವನಲ್ಲ. ಶಾಸ್ತ್ರ ಹಿಡಿದು ಲೆಕ್ಕ ಹಾಕಿ ಕೇಳುವ ತರಬೇತಿ ನನಗಿಲ್ಲ. ಕೆಲಸ ಮುಗಿಸಿ ಬಂದು ರಾತ್ರಿ ಸುಮ್ಮನೆ ಫೋನಿನಲ್ಲಿ ಕೇಳುವವನು. ಆದರೆ ಹೀಗೆ ಕೇಳುವವನಿಗೂ ಒಂದು ಮಾತು ತಿಳಿಯುತ್ತದೆ: ಇದು ಉಳ್ಳವರ ಊಟಕ್ಕೆ ಹಿನ್ನೆಲೆಯಾಗಲು ಹುಟ್ಟಿದ ಸಂಗೀತವಲ್ಲ. ಇದು ಸಾಕ್ಷಿ ಹೇಳುವ ಸಂಗೀತ.

ವಾದ್ಯವೇನೋ ದೊರೆಗಳದ್ದೇ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೈನ್ಯದ ಬ್ಯಾಂಡುಗಳಿಗೆ ಇದು ಬಳಕೆಯಾಯಿತು. ಮೈಸೂರು ಅರಮನೆಯ ಬ್ಯಾಂಡಿಗೂ ಬಂತು. ಅಲ್ಲಿ ಅದರ ದನಿ ಕೇಳಿ ಮನಸೋತ ನಾಗಸ್ವರದ ಮನೆಯ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ಅದು ಗುಲಾಮರ ಮೊಮ್ಮಕ್ಕಳ ಕೈಗೆ ಸಿಕ್ಕಿತು. ಕವಾಯತಿಗೆ ಹೆಜ್ಜೆ ಹಾಕಿಸಬೇಕಾದ ವಾದ್ಯ ಅವರ ಬಾಯಲ್ಲಿ ಅತ್ತಿತು, ಬೈಯಿತು, ನಕ್ಕಿತು.

1920ರ ದಶಕದಲ್ಲಿ ಕೋಲ್ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೊಫೋನಿಗೆ ತನ್ನದೇ ಗಂಟಲು ಕೊಟ್ಟ. 1960ರಲ್ಲಿ ಡ್ರಮ್ ವಾದಕ ಮ್ಯಾಕ್ಸ್ ರೋಚ್‌ನ ‘ವಿ ಇನ್ಸಿಸ್ಟ್’ ಆಲ್ಬಮ್ಮಿನಲ್ಲಿ, ಗುಲಾಮರನ್ನು ದುಡಿಸುವ ಮೇಸ್ತ್ರಿಯ ಮೇಲಿನ ಹಾಡಿಗೆ ಅದೇ ಹಾಕಿನ್ಸ್ ಊದಿದ. 1963ರ ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿಯರು ಚರ್ಚಿಗೆ ಬಾಂಬಿಟ್ಟು ನಾಲ್ಕು ಕಪ್ಪು ಹೆಣ್ಣುಮಕ್ಕಳನ್ನು ಕೊಂದರು. ಒಬ್ಬಳಿಗೆ ಹನ್ನೊಂದು ವರ್ಷ, ಮೂವರಿಗೆ ಹದಿನಾಲ್ಕು. ಎರಡೇ ತಿಂಗಳಲ್ಲಿ ಜಾನ್ ಕೋಲ್ಟ್ರೇನ್ ‘ಅಲಬಾಮಾ’ ನುಡಿಸಿದ. ಅದರಲ್ಲಿ ಒಂದು ಮಾತೂ ಇಲ್ಲ. ಹೆಣದ ಮುಂದೆ ಕೂತವರ ಉಸಿರಿನ ಹಾಗೆ ಸ್ವರ ಎಳೆಯುತ್ತದೆ, ಅಷ್ಟೆ.

ಇದೆಲ್ಲ ಹಳೇ ಕಥೆ ಅನ್ನುವವರು ಇಮ್ಯಾನ್ಯುಯೆಲ್ ವಿಲ್ಕಿನ್ಸ್‌ನ ‘ಒಮೆಗಾ’ ಕೇಳಬೇಕು. 2020ರಲ್ಲಿ ಬಂತು, ಅವನ ಮೊದಲ ಆಲ್ಬಮ್. ನನ್ನ ಓರಗೆಯವನೇ. ಅದರ ಎರಡು ತುಣುಕುಗಳಲ್ಲಿ ಒಂದರ ಹೆಸರು ‘ಫರ್ಗುಸನ್’, ಇನ್ನೊಂದು ‘ಮೇರಿ ಟರ್ನರ್’. ಎರಡಕ್ಕೂ ಬಾಲವಾಗಿ ‘ಒಂದು ಅಮೆರಿಕನ್ ಸಂಪ್ರದಾಯ’ ಅಂತ ಸೇರಿಸಿದ್ದಾನೆ. 2014ರಲ್ಲಿ ಫರ್ಗುಸನ್ನಿನಲ್ಲಿ ಪೊಲೀಸಿನವನು ಹದಿನೆಂಟರ ಮೈಕೆಲ್ ಬ್ರೌನ್‌ನನ್ನು ಗುಂಡಿಟ್ಟು ಕೊಂದ. ಮೇರಿ ಟರ್ನರ್ 1918ರಲ್ಲಿ ಜಾರ್ಜಿಯಾದವಳು. ಗಂಡನನ್ನು ಗುಂಪು ಕಟ್ಟಿ ಕೊಂದದ್ದನ್ನು ಪ್ರಶ್ನಿಸಿದಳು ಅಂತ ಎಂಟು ತಿಂಗಳ ಬಸುರಿಯನ್ನೂ ಕೊಂದರು. ಎರಡು ಕೊಲೆಗಳ ನಡುವೆ 96 ವರ್ಷ. ಅದನ್ನೇ ಅವನು ಸಂಪ್ರದಾಯ ಅನ್ನುತ್ತಾನೆ. ಗುಡಿಯ ಬಾಗಿಲಲ್ಲಿ ಆ ಶಬ್ದ ಕೇಳಿದ ನಮಗೆ ಅದರ ತೂಕ ಗೊತ್ತು. ಅವನ ಸ್ವರ ಒಡೆಯುತ್ತದೆ, ಚೀರುತ್ತದೆ. ಕೇಳಲು ಹಿತವಾಗಿಲ್ಲ. ಹಿತವಾಗಿ ಯಾಕಿರಬೇಕು?

ಲಂಡನ್ನಿನ ಶಬಾಕ ಹಚಿಂಗ್ಸ್‌ನ ತಂಡ ‘ಸನ್ಸ್ ಆಫ್ ಕೆಮೆಟ್’ 2018ರಲ್ಲಿ ತಂದ ಆಲ್ಬಮ್ಮಿನ ಹೆಸರು ‘ಯುವರ್ ಕ್ವೀನ್ ಈಸ್ ಎ ರೆಪ್ಟೈಲ್’. ನಿಮ್ಮ ರಾಣಿ ತೆವಳುವ ಜಂತು ಅಂತ. ಹಾಗಾದರೆ ನಿನ್ನ ರಾಣಿ ಯಾರಪ್ಪ? ಒಂಬತ್ತು ತುಣುಕು, ಒಂಬತ್ತು ಕಪ್ಪು ಹೆಣ್ಣುಗಳು. ಗುಲಾಮರನ್ನು ಬಿಡಿಸಿ ಕರೆದೊಯ್ದ ಹ್ಯಾರಿಯೆಟ್ ಟಬ್‌ಮನ್, ಬ್ರಿಟಿಷರ ಮೇಲೆ ಯುದ್ಧ ಹೂಡಿದ ಅಶಾಂತಿಯ ಯಾ ಅಸಂತೆವಾ, ಏಂಜೆಲಾ ಡೇವಿಸ್. ಅವರ ಸಾಲಿನಲ್ಲಿ ಮೊದಲು ನಿಂತವಳು ಅವನ ಮುತ್ತಜ್ಜಿ ಏಡಾ ಈಸ್ಟ್‌ಮನ್. ಚರಿತ್ರೆಯ ಪುಸ್ತಕದಲ್ಲಿ ಇಲ್ಲದ ಮುದುಕಿಯನ್ನು ಸಿಂಹಾಸನದ ಮೇಲೆ ಕೂರಿಸುವುದು ಅಂದರೆ ಇದು. ಸ್ಯಾಕ್ಸೊಫೋನ್ ಜೊತೆಗೆ ಟ್ಯೂಬಾ, ಅದರ ಹಿಂದೆ ಎರಡೆರಡು ಡ್ರಮ್ಮು. ಕೊಂಬು, ಡೋಲು ಎರಡೂ ಒಟ್ಟಿಗೆ! 2023ರ ‘ಫೀನಿಕ್ಸ್’ನಲ್ಲಿ ಲಕೀಶಿಯಾ ಬೆಂಜಮಿನ್ ಅನ್ನುವ ಹೆಣ್ಣುಮಗಳು ಆಲ್ಟೊ ಊದುತ್ತಾಳೆ, ಅಲ್ಲಿ ಏಂಜೆಲಾ ಡೇವಿಸ್ ತಾನೇ ಮಾತಾಡುತ್ತಾಳೆ.

ಈ ಜನಕ್ಕೂ ನಮಗೂ ನಂಟು ಹೊಸದಲ್ಲ. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು ಅಂಬೇಡ್ಕರ್ 1946ರಲ್ಲಿ ಡು ಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನೇ ತಮ್ಮದಾಗಿಸಿಕೊಂಡರು. ಆದರೆ ಜಾಜ್ ಬಂದದ್ದು ಬೇರೆ ಬಾಗಿಲಿಂದ. 1935ರಲ್ಲಿ ಲಿಯೋನ್ ಆ್ಯಬಿಯ ಕಪ್ಪು ವಾದಕರ ತಂಡ ಅದೇ ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿತು, ಸಾಹೇಬರ, ಸಿರಿವಂತರ ಕುಣಿತಕ್ಕೆ. ಹೀಗಾಗಿ ಇದು ದೊಡ್ಡವರ ಷೋಕಿ ಅಂತ ನಮ್ಮವರು ದೂರ ಉಳಿದರು.

ದೂರ ಉಳಿಯುವುದು ಬೇಡ. ನಮ್ಮ ನಂಟರ ಸಂಗೀತವನ್ನು ಹೋಟೆಲಿನವರಿಗೆ ಬಿಟ್ಟುಕೊಡುವುದೂ ಬೇಡ. ಮೇರಿ ಟರ್ನರ್ ಯಾರು ಅಂತ ತಿಳಿದು ಕೇಳಿದರೆ ಸ್ಯಾಕ್ಸೊಫೋನಿನ ಚೀತ್ಕಾರ ಪರಕೀಯ ಅನ್ನಿಸುವುದಿಲ್ಲ. ನಮ್ಮ ಕೇರಿಗಳಲ್ಲಿ ಹೆಸರೇ ಇಲ್ಲದೆ ಮಣ್ಣಾದ ಮುತ್ತಜ್ಜಿಯರಿಗೆ ಯಾವ ವಾದ್ಯ ಸಾಕ್ಷಿ ಹೇಳಬೇಕು ಅನ್ನುವುದನ್ನು ಇನ್ನು ನಾವೇ ತೀರ್ಮಾನಿಸಬೇಕು.