ಗೊರಸು, ಲಾಳ ಮತ್ತು ಓಲೆಗರಿ: ಕೊಳ್ಳೇಗಾಲ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಪಶುವೈದ್ಯ ಗ್ರಂಥಗಳದು ಪ್ರತ್ಯೇಕವಾದ ಪರಂಪರೆ. ಕ್ರಿ.ಶ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಸು. 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಬರೆದನು. ಮೈಸೂರಿನ ಚಾಮರಾಜ ಒಡೆಯರ (1617-1637) ಕಾಲದಲ್ಲಿ ರಾಮಚಂದ್ರನ ‘ಅಶ್ವಶಾಸ್ತ್ರ’ವೂ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ವೂ (ಸು. 1627) ಹುಟ್ಟಿದವು. ಕನ್ನಡ ವೈದ್ಯಸಾಹಿತ್ಯದಲ್ಲಿ ಜೈನ ಗ್ರಂಥಕಾರರ ಪಾಲು ಹಿರಿದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಕಡೆಯ ಎರಡೂ ವೈದ್ಯಗ್ರಂಥವನ್ನು ಪ್ರತಿಮಾಡಿಸಿ ಕೊಡುವಲ್ಲಿ ಒಂದುಗೂಡುತ್ತವೆ.

ಕುದುರೆಯ ಅಂಗಗಳಲ್ಲಿ ಗೊರಸಿಗೆ ವಿಶೇಷ ಮಹತ್ವವಿದೆ. ಗೊರಸಿನ ತಳಭಾಗಕ್ಕೆ ಸಂಸ್ಕೃತದಲ್ಲಿ ‘ಮಂಡೂಕ’ ಎಂಬ ಹೆಸರುಂಟು. ಇಂಗ್ಲಿಷರೂ ತಳದ ನಡುವಿನ ಮೆತ್ತನೆಯ ಭಾಗವನ್ನು ಕಪ್ಪೆಯೆಂದೇ ಕರೆಯುವುದು ಗಮನಾರ್ಹ. ಆದರೆ ಗೊರಸಿಗೆ ಮೊಳೆಯಿಂದ ಬಿಗಿಯುವ ಕಬ್ಬಿಣಕ್ಕೆ ಕನ್ನಡದಲ್ಲಿ ಬಳಕೆಯಾಗಿರುವ ‘ಲಾಳ’ವು ಅರಬ್ಬಿ ಮೂಲದ್ದು, ಪಾರಸಿ, ಹಿಂದುಸ್ತಾನಿಗಳ ಮೂಲಕ ಬಂದುದು. ಕೆಲಸಗಾರನ ಹೆಸರಾದ ‘ನಾಲಬಂದ’ವೂ ಅದೇ ದಾರಿಯದು. ಅವಯವದ ಹೆಸರು ಶಾಸ್ತ್ರದಿಂದಲೂ ಉಪಕರಣದ ಹೆಸರು ಸೇನೆಯ ಲಾಯದಿಂದಲೂ ಬಂದಿರುವುದರಿಂದ, ಶಾಸ್ತ್ರಕಾರನ ವಿದ್ಯೆಯೂ ಕೆಲಸಗಾರನ ವಿದ್ಯೆಯೂ ಎರಡು ಬೇರೆ ಮಾರ್ಗಗಳಲ್ಲಿ ಸಾಗಿ ಬಂದುವೆಂದು ಊಹಿಸುವುದು ಅನುಚಿತವಾಗದು.

ಈ ಎರಡನೆಯ ವಿದ್ಯೆಯ ಅಗತ್ಯವನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನೆಲವೇ ತಿಳಿಸುತ್ತದೆ. ಯಳಂದೂರಿನದು ಸುವರ್ಣಾವತಿ ಹೊಳೆಯ ಗದ್ದೆಬಯಲು. ಸದಾ ಒದ್ದೆಯಲ್ಲಿ, ಸಗಣಿಯ ಕೆಸರಿನಲ್ಲಿ ನಿಂತ ಕುದುರೆಯ ಗೊರಸು ಮೆತ್ತಗಾಗಿ, ತಳದ ನಡುಭಾಗ ಕೊಳೆತು ನಾರುತ್ತದೆ. ಹನೂರಿನಿಂದಾಚೆಗೆ ಕಾವೇರಿಪುರದ ಘಟ್ಟದ ಕಡೆಗೆ ಹೋಗುವ ದಾರಿ ಕಲ್ಲುನೆಲದ್ದು. 1800ರಲ್ಲಿ ಬುಕಾನನ್ ಈ ದಾರಿಯಲ್ಲಿ ಸಂಚರಿಸಿದನು. ಇಲ್ಲಿ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ, ಒಣಗಿ ಸೀಳುತ್ತದೆ, ತಳ ನೊಂದು ಕುದುರೆ ಕುಂಟುತ್ತದೆ.

1807ರ ಪೂರಕ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. ಅದೇ ವರ್ಷ ಯಳಂದೂರು ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ದೊರೆಯಿತು. 1799ರಲ್ಲಿ ಕಂಪನಿಗೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲ, ಹನೂರುಗಳು ಮೈಸೂರಿಗೆ ಸೇರಿದುದು 1956ರಲ್ಲಿ. 4,000 ಕುದುರೆಗಳೆಂದರೆ 16,000 ಗೊರಸುಗಳು. ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರು ಬೆಳೆಯುವುದರಿಂದ 6ರಿಂದ 8 ವಾರಗಳಿಗೊಮ್ಮೆ ಲಾಳ ಬಿಚ್ಚಿ ಗೊರಸು ಕೆತ್ತಬೇಕು. ಇಷ್ಟು ಕೆಲಸವನ್ನು ನಿರ್ವಹಿಸಿದ ಕೈಗಳ ಹೆಸರು ರಾಜಚರಿತ್ರೆಗಳಲ್ಲಿ ಬರುವುದಿಲ್ಲ.

ಲಾಳ ಕಟ್ಟುವವನು ಮೊದಲು ಕುದುರೆಯನ್ನು ನಡೆಸಿ ನೋಡುತ್ತಾನೆ. ಅನಂತರ ಕಾಲನ್ನೆತ್ತಿ, ಹಳೆಯ ಮೊಳೆ ಕಿತ್ತು, ಬಾಗಿದ ಕತ್ತಿಯಿಂದ ಸತ್ತ ಭಾಗವನ್ನಷ್ಟೇ ಕೆತ್ತಿ, ಅರದಿಂದ ಸಮಮಾಡುತ್ತಾನೆ. ಗೊರಸಿನ ಗೋಡೆಯೂ ತಳವೂ ಕೂಡುವೆಡೆಯ ಬಿಳಿಗೆರೆಯೇ ಅವನ ಎಲ್ಲೆ. ಮೊಳೆಯು ಅದರ ಹೊರಗೆ ಏರಿ ಗೋಡೆಯಿಂದ ತಲೆದೋರಬೇಕು. ಒಳಗೆ ಹೋದರೆ ಜೀವವುಳ್ಳ ಮಾಂಸವನ್ನು ಚುಚ್ಚಿ ಕೀವಾಗುತ್ತದೆ. ಎತ್ತಿನ ಗೊರಸು ಸೀಳಿರುವುದರಿಂದ ಅದರ ಒಂದೊಂದು ಕಾಲಿಗೆ ಎರಡೆರಡು ಲಾಳಗಳು ಬೇಕು; ಅದನ್ನು ಹಗ್ಗದಿಂದ ಕೆಡವಿ, ಕಾಲು ಕಟ್ಟಿ ಹೊಡೆಯುವುದು ವಾಡಿಕೆ.

ಹಸ್ತಪ್ರತಿ ಸಂಪಾದನೆಗೆ ಇದರಿಂದ ಎರಡು ಪ್ರಯೋಜನಗಳುಂಟು. ಅಶ್ವಶಾಸ್ತ್ರದ ಪ್ರತಿಯಲ್ಲಿ ಲಾಳದ ಪ್ರಸ್ತಾಪವಿದ್ದರೆ ಅದು ಮೂಲದ ಮಾತೋ ಲಿಪಿಕಾರನು ತನ್ನ ಕಾಲದ ರೂಢಿಯಿಂದ ಸೇರಿಸಿದುದೋ ಎಂದು ಪ್ರತ್ಯಂತರಗಳೊಡನೆ ಪರಿಶೀಲಿಸಬೇಕು. ಎರಡನೆಯದಾಗಿ, ಗೊರಸಿನ ಭಾಗಗಳನ್ನೂ ರೋಗಗಳನ್ನೂ ಹೇಳುವ ಶಬ್ದಗಳು ನಿಘಂಟಿನಿಂದ ಮಾತ್ರ ಬಿಡಿಸುವಂಥವಲ್ಲ. ಲಾರಿ, ಟ್ರಾಕ್ಟರುಗಳು ಬಂದ ಮೇಲೆ ಲಾಳದ ಕಸುಬು ವಿರಳವಾಗಿದೆ. ಓಲೆಯು ಭಂಡಾರದಲ್ಲಿ ಇನ್ನೂ ಕೆಲವು ಕಾಲ ಉಳಿಯಬಹುದು. ಅದರ ಶಬ್ದಕ್ಕೆ ಗೊರಸನ್ನೇ ತೋರಿಸಿ ಅರ್ಥ ಹೇಳಬಲ್ಲವನು ಅಷ್ಟು ಕಾಲ ಉಳಿಯಲಾರನು. ಆದುದರಿಂದ ಸಂಪಾದಕರು ಪಾಠಾಂತರಗಳನ್ನು ಗುರುತಿಸುವಷ್ಟೇ ಶ್ರದ್ಧೆಯಿಂದ, ಈ ಕಸುಬಿನವರ ಮಾತುಗಳನ್ನೂ ಈಗಲೇ ಸಂಗ್ರಹಿಸುವುದು ಅವಶ್ಯಕ.